ಕ್ಯಾಸೆಟ್ಟಿನಲ್ಲಿದ್ದ ದನಿ

ಟಿ.ವಿ.ಯವರು ನಮ್ಮ ಬ್ಯಾಂಡಿಗೆ ಸನ್ಮಾನ ಮಾಡಿದ ದಿನ ನನಗೊಂದು ಮೈಸೂರು ಪೇಟ ತೊಡಿಸಿದರು. ದೊಡ್ಡದಾಗಿ, ಕಣ್ಣಿನ ಮೇಲೇ ಜಾರುತ್ತಿತ್ತು. ರಾಕ್ ಬ್ಯಾಂಡಿನವರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ! ತೊಂಬತ್ತರ ದಶಕದಲ್ಲಿ ಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಗಿಟಾರು ಎತ್ತಿದರೆ ಸಾಕು, ಅಕ್ಕಪಕ್ಕದವರು ಧಡಾರನೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ನಾವು ದಂತಕಥೆಯಾಗಿದ್ದೆವು. ನಿರೂಪಕಿ ಆ ಮಾತನ್ನು ಎಷ್ಟು ಸಲ ಹೇಳಿದಳೋ, ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ಮೂವರಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು ತೀರಿಕೊಂಡಿದ್ದ. ಉಳಿದವರು ನಾವಿಬ್ಬರೇ: ಗಿಟಾರಿನ ನಾನು, ಹಾಡುತ್ತಿದ್ದ ಸಿದ್ದಾಪುರದ ಗೆಳೆಯ. ಅವನೀಗ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಸ್ಟೋರ್ ಕೀಪರ್. ಗಂಟಲ ಆಪರೇಷನ್ ಆದಮೇಲೆ ಅವನಿಗೆ ಪಿಸುದನಿ ಬಿಟ್ಟು ಬೇರೆ ದನಿಯಿಲ್ಲ. ಆ ದನಿ ಹೋಗಿದ್ದು ನನ್ನಿಂದ. ಅದನ್ನು ಕ್ಯಾಮೆರಾ ಮುಂದೆಯೇ ಹೇಳಿಬಿಡಬೇಕೆಂದು ತೀರ್ಮಾನಿಸಿಕೊಂಡೇ ನಾನು ಅಲ್ಲಿಗೆ ಹೋಗಿದ್ದೆ.

ನಮಗೆ ಹೆಸರು ತಂದದ್ದು ಒಂದೇ ಒಂದು ಹಾಡು. ಅದು ರೆಕಾರ್ಡ್ ಆದದ್ದು ಒಂದು ಭಾನುವಾರದ ಮಧ್ಯಾಹ್ನ. ಕರೆಂಟ್ ಇರಲಿಲ್ಲ, ಡ್ರಮ್ಮಿನವನೂ ಬಂದಿರಲಿಲ್ಲ. ಮರದ ಗಿಟಾರೇ ಸಾಕು ಎಂದುಕೊಂಡು ಟೇಪ್ ರೆಕಾರ್ಡರಿಗೆ ಬ್ಯಾಟರಿ ಹಾಕಿದೆ. ಹಳೆಯ ಬ್ಯಾಟರಿ. ಮುಗಿದ ಬ್ಯಾಟರಿಗಳನ್ನು ಹಪ್ಪಳದ ಪಕ್ಕದಲ್ಲೇ ತಾರಸಿಯ ಬಿಸಿಲಿಗಿಟ್ಟು ಇನ್ನೊಂದಷ್ಟು ದಿನ ಓಡಿಸುವುದು ಆಗ ಎಲ್ಲರ ಮನೆಯ ರೂಢಿ. ಅವನು ಒಂದೇ ಉಸಿರಿಗೆ ಎಂಬಂತೆ ಹಾಡಿ ಮುಗಿಸಿ, ಕಾಫಿ ಕುಡಿದು ಮನೆಗೆ ಹೋದ.

ಸಂಜೆ ಕರೆಂಟ್ ಬಂದಮೇಲೆ ಕ್ಯಾಸೆಟ್ ಹಾಕಿ ಕೇಳಿದೆ. ಹಾಡು ಓಡುತ್ತಿತ್ತು. ದನಿ ಎಲ್ಲೋ ಮೇಲೆ ಹೋಗಿ ನಿಂತಿತ್ತು. ಅಮ್ಮನ ಹಾರ್ಮೋನಿಯಂ ಒತ್ತಿ ನೋಡಿದೆ, ನಾವು ಹಾಡಿದ್ದಕ್ಕಿಂತ ಎರಡು ಕೀ ಮೇಲೆ! ಬ್ಯಾಟರಿ ಇಳಿದು ಟೇಪು ನಿಧಾನವಾಗಿ ತಿರುಗುವಾಗ ತುಂಬಿಕೊಂಡ ಹಾಡು, ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಬಂದೊಡನೆ ಹಾಗೆ ಏರಿಬಿಟ್ಟಿತ್ತು. ಅವನ ಸ್ವಂತ ದನಿ ಚೆನ್ನಾಗಿಯೇ ಇತ್ತು, ಸ್ವಲ್ಪ ದಪ್ಪ. ಇದು ಮಾತ್ರ ಮೈ ಜುಮ್ಮೆನ್ನಿಸುವಂತಿತ್ತು. ನನಗೆ ಆಸೆಯಾಯಿತು. ನಿಜ ಹೇಳುತ್ತೇನೆ, ಬರೀ ಆಸೆ.

ಮರುದಿನ ಕೇಳಿ ಅವನು ಬೆಚ್ಚಿದ. "ಇದು ನಾನೇನಾ ಮಗಾ?"

"ಇನ್ಯಾರು ಗುರು? ಸಖತ್ತಾಗಿದೆ."

"ಶ್ರುತಿ ಜಾಸ್ತಿ ಇದ್ದಂಗಿದೆ ಕಣೋ. ನಿನ್ನೆ ಕ್ಯಾಪೋ ಹಾಕಿದ್ಯಾ?"

ಕ್ಯಾಪೋ ಎಂದರೆ ಶ್ರುತಿ ಏರಿಸಲು ಗಿಟಾರಿನ ತಂತಿಗಳ ಮೇಲೆ ಬಿಗಿಯುವ ಕ್ಲಿಪ್ಪು. ನಾನು ಅದನ್ನು ಮುಟ್ಟಿಯೂ ಇರಲಿಲ್ಲ. "ಹೂಂ, ಹಾಕಿದ್ದೆ" ಎಂದೆ.

ಆ ಒಂದು ಕ್ಯಾಸೆಟ್ಟು ನೂರಾರು ಕಾಪಿಯಾಗಿ ಕಾಲೇಜಿಂದ ಕಾಲೇಜಿಗೆ ಹೋಯಿತು. ಬನಶಂಕರಿಯ ಗಣೇಶನ ಪೆಂಡಾಲಿನಲ್ಲೂ ಜನ ಅದೇ ಹಾಡಿಗೆ ಕೂಗುತ್ತಿದ್ದರು. ನಾನು ಕ್ಯಾಪೋ ಬಿಗಿದು ಅದೇ ಶ್ರುತಿಗೆ ಶುರು ಮಾಡುತ್ತಿದ್ದೆ. ಅವನು ಕತ್ತಿನ ನರ ಉಬ್ಬಿಸಿಕೊಂಡು ಕಿರುಚುತ್ತಿದ್ದ. ಬಿಸಿನೀರು, ಜ್ಯೇಷ್ಠಮಧು, ಬೆಳಗಿನ ಸಾಧಕ, ಏನೇನೋ ಮಾಡಿದ. "ಅವತ್ತು ಬಂದಿದ್ದು ಈಗ್ಯಾಕೋ ಬರಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದ. ಪ್ರಾಕ್ಟೀಸ್ ಸಾಲದು ಎನ್ನುತ್ತಿದ್ದೆ. ಎಂಥ ಪಾಪಿ ನಾನು! ಯಾವ ದಿನ ಬೇಕಾದರೂ ಆ ಕ್ಲಿಪ್ಪು ತೆಗೆದು ಹೇಳಬಹುದಿತ್ತು. ಹೇಳಿದರೆ ಜನ ಬರುವುದಿಲ್ಲ ಎಂಬ ಭಯ. ಆರು ವರ್ಷ ಹೀಗೇ ಅರಚಿ ಅರಚಿ ಗಂಟಲಲ್ಲಿ ಗಂಟಾಯಿತು, ಕೊಯ್ದು ತೆಗೆದರು.

ಸನ್ಮಾನದ ದಿನ ಸಾಲುಸಾಲಾಗಿ ಸ್ಟಾರ್‌ಗಳು ಬಂದು ನಮ್ಮ ಹಾಡು ಹಾಡಿದರು. ಕೊನೆಗೆ ಬಂದ ದೊಡ್ಡ ಗಾಯಕ ನಮ್ಮ ಆ ಹಾಡನ್ನು ಕ್ಯಾಸೆಟ್ಟಿನ ಶ್ರುತಿಯಲ್ಲೇ ಎತ್ತಿಕೊಂಡ. ಮುಖವೆಲ್ಲ ಕೆಂಪಾಗಿ, ಮೇಲಿನ ಸ್ವರಕ್ಕೆ ಒದ್ದಾಡಿ, ಮುಗಿಸಿದವನೇ ನನ್ನ ಗೆಳೆಯನ ಕಾಲು ಮುಟ್ಟಿದ. "ಅಣ್ಣಾ, ಆ ಜಾಗಕ್ಕೆ ಮನುಷ್ಯ ಹೋಗೋಕಾಗಲ್ಲ. ನೀವು ಹೆಂಗ್ ಹೋದ್ರಿ?"

ಗೆಳೆಯ ಮೈಕನ್ನು ತುಟಿಗೆ ತಗುಲಿಸಿಕೊಂಡ. ಎಲ್ಲರೂ ಉಸಿರು ಹಿಡಿದರೆ ಮಾತ್ರ ಅವನ ಮಾತು ಕೇಳಿಸುತ್ತಿತ್ತು.

"ಹೋಗಿದ್ದು ಒಂದೇ ಸಲ ಕಣಪ್ಪ. ಆಮೇಲೆ ಎಷ್ಟ್ ಒದ್ದಾಡಿದ್ರೂ ಆಗ್ಲಿಲ್ಲ. ನಂದೇ ತಪ್ಪು, ಗಂಟ್ಲು ನೋಡ್ಕೊಳ್ಲಿಲ್ಲ. ಇವನು ಪಾಪ, ಪ್ರತಿ ಸಲ ಅದೇ ಶ್ರುತೀಲಿ ಶುರು ಮಾಡಿ ನಂಗೋಸ್ಕರ ಕಾಯ್ತಿದ್ದ. ನಾನೇ ಇವನಿಗೆ ಮೋಸ ಮಾಡಿದಂಗಾಯ್ತು."

ಹಾಗೆಂದು ನನ್ನ ಕೈ ಹಿಡಿದುಕೊಂಡ. ನಿರೂಪಕಿ ಕಣ್ಣೊರೆಸಿಕೊಂಡು ಮೈಕನ್ನು ನನ್ನತ್ತ ಚಾಚಿದಳು. "ಸಾರ್, ನೀವೊಂದೆರಡು ಮಾತು?"

ಕಣ್ಣಿನ ಮೇಲೆ ಜಾರಿದ್ದ ಪೇಟವನ್ನು ಮೇಲಕ್ಕೆ ಸರಿಸಿಕೊಂಡೆ. "ಅವನ ದನಿ ದೇವರು ಕೊಟ್ಟಿದ್ದು, ಮೇಡಂ" ಎಂದೆ.

ಎರಡು ವಾರದ ನಂತರ ಅದು ಟಿ.ವಿ.ಯಲ್ಲಿ ಬಂತು. ಮುಗಿಯುತ್ತಲೇ ಅವನ ಫೋನು. ಮೊದಲ ಸಲ ಏನೂ ಕೇಳಿಸದೆ, ಇನ್ನೊಮ್ಮೆ ಹೇಳು ಎಂದೆ.

"ಅಷ್ಟು ಜನದ ಮುಂದೆ ನನ್ ಮಾನ ಉಳಿಸ್ದೆ ಮಗಾ. ಥ್ಯಾಂಕ್ಸ್ ಕಣೋ."

"ಇರ್ಲಿ ಬಿಡೋ" ಎಂದೆ.