ಮಣಿಕಟ್ಟಿಗೆ ಹಚ್ಚಿದ ಎಣ್ಣೆ

ಲಾಸ್ ಏಂಜಲೀಸಿನಿಂದ ಎರಡು ಗಂಟೆ ದಾರಿಯ ರಾಂಚೊ ಬರ್ನಾರ್ಡೊದ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಕೊಬ್ಬರಿ ಎಣ್ಣೆಯ ಬಾಟಲಿಯೊಂದು ಸದಾ ಇರುತ್ತದೆ. ಚಳಿಗೆ ಹೆಪ್ಪುಗಟ್ಟಿದರೆ ಬಿಸಿನೀರಿನಲ್ಲಿಟ್ಟು ಕರಗಿಸುತ್ತೇನೆ. ಒಡೆದ ತುಟಿಗೆ, ಸುಟ್ಟ ಬೆರಳಿಗೆ, ಕಿರುಗುಟ್ಟುವ ಬಾಗಿಲಿಗೂ ನನ್ನ ಬಳಿಯಿರುವ ಮದ್ದು ಇದೊಂದೇ. ಈ ಸಾಧು ಬಾಟಲಿಯನ್ನು ಕಂಡರೆ ನನಗೀಗ ಹೆದರಿಕೆ ಎಂದರೆ ನಿಮಗೆ ನಗು ಬಂದೀತು, ನಕ್ಕುಬಿಡಿ.

ನನ್ನ ಹದಿನಾರರ ಮಗಳು ಇಂಚರಾ ಸರ್ಕಸ್ಸಿನವರ ಹಾಗೆ ಟ್ರಪೀಜ್ ಕಲಿಯುತ್ತಾಳೆ. ಉಳಿದವರ ಮಕ್ಕಳು ಭರತನಾಟ್ಯಕ್ಕೋ ಈಜಿಗೋ ಹೋದರೆ ನನ್ನವಳಿಗೆ ಆಕಾಶವೇ ಬೇಕಾಯಿತು. ಎತ್ತರದಲ್ಲಿ ತೂಗುವ ಕೋಲನ್ನು ಬಿಟ್ಟು ಅವಳು ಹಾರಬೇಕು. ಎದುರಿನ ಕೋಲಿನಲ್ಲಿ ತಲೆಕೆಳಗಾಗಿ ಜೋತುಬಿದ್ದ ತರಬೇತುದಾರ ರೂಬೆನ್ ಅವಳ ಮಣಿಕಟ್ಟು ಹಿಡಿಯಬೇಕು. "ಕೆಳಗ ಬಲೆ ಐತಿ, ಏನೂ ಆಗಂಗಿಲ್ಲ, ಸುಮ್ನಿರು" ಎನ್ನುತ್ತಾರೆ ಹುಬ್ಬಳ್ಳಿಯವರಾದ ನನ್ನ ಯಜಮಾನರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಹೋದ ವರ್ಷ ಇಂಚರಾ ನನ್ನನ್ನು ಲಾಸ್ ಏಂಜಲೀಸಿನ ಚಿತ್ರಮಂದಿರವೊಂದಕ್ಕೆ ಎಳೆದೊಯ್ದಳು. ಹಾಡು, ಕುಣಿತ, ಕಸರತ್ತುಗಳ ರಂಗಮಂದಿರದಲ್ಲಿ ಹೊಟ್ಟೆ ಹೊರೆಯುವವರ ಕುರಿತು ಯುರೋಪಿನಲ್ಲಿ ಯಾವ ಕಾಲದಲ್ಲೋ ತೆಗೆದ ಮೂಕಿ ಚಿತ್ರ. ಅದರಲ್ಲಿ ಹಾರುವವಳಿಗೆ ಬೀಳುವ ಚಪ್ಪಾಳೆಯ ಮೇಲೆ ಹಿಡಿಯುವವನಿಗೆ ಹೊಟ್ಟೆಕಿಚ್ಚು. ಪರದೆಯ ತುಂಬ ಅವನ ಎರಡು ಕೈಗಳು, ಹಿಡಿಯಲೋ ಬೇಡವೋ ಎಂದು ಯೋಚಿಸುವ ಕೈಗಳು. ಮಾತಿಲ್ಲದ ಆ ಚಿತ್ರದಲ್ಲಿ "ಅಯ್ಯೋ!" ಎಂದು ಕಿರುಚಿದ್ದು ನಾನೊಬ್ಬಳೇ. ಅಂದಿನಿಂದ, ಮೂರು ಮಕ್ಕಳ ತಂದೆಯಾದ, ಕಂಡಾಗಲೆಲ್ಲ ನನಗೆ ಕೈಮುಗಿದು ನಮಸ್ತೆ ಹೇಳುವ ಆ ರೂಬೆನ್ನನ ಬೆರಳುಗಳಲ್ಲಿ ನಾನು ಕೇಡನ್ನು ಹುಡುಕತೊಡಗಿದೆ.

ಚಿತ್ರ ನೋಡಿದ ಮುಂದಿನ ಶನಿವಾರ, ಕ್ಲಾಸಿನ ದಿನ ಬೆಳಿಗ್ಗೆ, ದೋಸೆ ತಿನ್ನುತ್ತ ಫೋನು ನೋಡುತ್ತಿದ್ದ ಮಗಳ ಮಣಿಕಟ್ಟಿನಲ್ಲಿ ಹಿಂದಿನ ಕ್ಲಾಸಿನ ರೂಬೆನ್ನನ ಹಿಡಿತದ ಕೆಂಪು ಗುರುತು ಕಂಡಿತು. ಬಾಟಲಿ ತಂದು ಎರಡೂ ಮಣಿಕಟ್ಟಿಗೆ ತಿಕ್ಕಿ ತಿಕ್ಕಿ ಹಚ್ಚಿದೆ, ಅವಳು ತಲೆಯೆತ್ತಲಿಲ್ಲ. ಕ್ಲಾಸಿನಲ್ಲಿ ಕೈ ಜಾರದಿರಲೆಂದು ಅಂಗೈಗೆ ಮಾತ್ರ ಬಿಳಿ ಪುಡಿ ಬಳಿದುಕೊಂಡು ಏಣಿ ಹತ್ತಿದಳು. ಕೆಳಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರೂಬೆನ್ನನನ್ನೇ ಕಾಯುತ್ತಿದ್ದೆ. ಅವಳು ಹಾರಿದಳು. ಅವನು ಹಿಡಿದ, ಬಿಗಿಯಾಗಿಯೇ ಹಿಡಿದ, ನಾನೇ ಕಂಡೆ. ಆಮೇಲೆ ಜಾರಿತು.

ಬಲೆ ಅವಳನ್ನು ಎರಡು ಸಲ ಚಿಮ್ಮಿಸಿ ಸುಮ್ಮನಾಯಿತು. ಮೇಲೆ ರೂಬೆನ್ ತನ್ನ ಅಂಗೈ ಮೂಸಿ, "ಕೋಕನಟ್?" ಎಂದ. ಎದ್ದು ಕೂತ ಇಂಚರಾ ಮಣಿಕಟ್ಟು ನೋಡಿಕೊಂಡಳು, ನನ್ನನ್ನು ನೋಡಿದಳು. "ಅಮ್ಮಾ, ವಾಟ್ ಡಿಡ್ ಯು ಡೂ?"

"ನಾನೇ ಕಣೇ. ಕೆಂಪಗಾಗಿತ್ತಲ್ಲಾ ಅಂತ ಹಚ್ದೆ."

ಅವಳು ಬಯ್ಯಲಿಲ್ಲ. ಸೋಪು ಹಾಕಿ ತೊಳೆದು, ನನ್ನ ದುಪಟ್ಟಾದಲ್ಲಿ ಒರೆಸಿಕೊಂಡು ಮತ್ತೆ ಏಣಿ ಹತ್ತಿದಳು. ಬೈದಿದ್ದರೇ ಚೆನ್ನಾಗಿತ್ತು. ಆ ಚಿತ್ರದವನು ಬೀಳಿಸಲೋ ಬೇಡವೋ ಎಂದು ಯೋಚನೆಯನ್ನಾದರೂ ಮಾಡಿದ. ನಾನು ಅದನ್ನೂ ಮಾಡದೆ, ಪ್ರೀತಿಯಿಂದ ಬೀಳಿಸಿದ್ದೆ. ಹಗೆಯ ಕೈಯನ್ನು ಕಾಯಬಹುದು. ನನ್ನ ಕೈಯನ್ನು ಕಾಯುವವರು ಯಾರು? ಆ ಎರಡನೆಯ ಹಾರಾಟವನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿ, ಎಣ್ಣೆ ವಾಸನೆಯ ದುಪಟ್ಟಾ ಬಾಯಿಗೊತ್ತಿಕೊಂಡು, ಚಪ್ಪಾಳೆ ಕೇಳಿಸುವವರೆಗೆ ಉಸಿರು ಬಿಗಿಹಿಡಿದಿದ್ದೆ.

ಬಾಟಲಿ ಈಗಲೂ ಅಲ್ಲೇ ಇದೆ. ಶನಿವಾರ ಬೆಳಿಗ್ಗೆ ಮಾತ್ರ ಕಪಾಟಿನೊಳಗಿಟ್ಟು ಬಾಗಿಲು ಹಾಕುತ್ತೇನೆ. ಮಧ್ಯಾಹ್ನ ಇಂಚರಾ ಮನೆಗೆ ಬಂದು, ಎರಡೂ ಕೈ ಚಾಚಿ, "ಈಗ ಹಚ್ಚು" ಎನ್ನುತ್ತಾಳೆ. ಹಚ್ಚುತ್ತ ಹಚ್ಚುತ್ತ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತೇನೆ. "ಅಮ್ಮಾ, ಬಿಡು" ಎನ್ನುತ್ತಾಳೆ. ನಾನು ಬಿಡುವುದಿಲ್ಲ. ಎಣ್ಣೆ ಹಚ್ಚಿದ ಕೈ, ತಾನೇ ಜಾರಿಹೋಗುತ್ತದೆ.