ಗೋಲ್‌ಕಂಬಕ್ಕೆ ಹೊಡೆದ ಬೋರ್ಡು

ಬಸ್ಸಿನಿಂದ ಇಳಿದಾಗ ನಾನು ಯಾವ ರಾಜ್ಯದಲ್ಲಿದ್ದೇನೆಂದು ಒಂದು ಗಳಿಗೆ ತಿಳಿಯಲಿಲ್ಲ. ಕಾರವಾರದಿಂದ ಹೊರಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರು ಸೇರಿ, ಅಲ್ಲಿಂದ ಮತ್ತೊಂದು ಬಸ್ಸು ಹತ್ತಿದ್ದೆ. ಇಳಿದ ಕಡೆ ಅಂಗಡಿಯ ಮುಂದೆ ಕೂತ ಹೆಂಗಸಿನ ಕೈಯಲ್ಲಿ ಶಂಖದ ಬಿಳಿ ಬಳೆ. ಎದುರಿನ ಬುಟ್ಟಿಯಲ್ಲಿ ಇನ್ನೂ ಬಾಯಿ ಬಿಡುತ್ತಿದ್ದ ಕೆರೆಮೀನು. ಕಿವಿಗೆ ಬೀಳುತ್ತಿದ್ದದ್ದು ಬಂಗಾಳಿ. ರಾಯಚೂರು ಜಿಲ್ಲೆ ಅಂದರೆ ಜೋಳ, ಬಂಡೆ, ಬಿಸಿಲು ಎಂದು ನಂಬಿ ಬಂದಿದ್ದೆ. ಅದರಲ್ಲಿ ಬಿಸಿಲೊಂದು ಮಾತ್ರ ನಿಜವಾಗಿತ್ತು. ಆ ಬಿಸಿಲಲ್ಲಿ ಕಾಲುವೆಯ ಪಕ್ಕದ ಬಯಲಿನಲ್ಲಿ ಇಪ್ಪತ್ತು ಜನ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು.

ಅದು ಆರ್.ಎಚ್. ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಸರ್ಕಾರ ಅರ್ಧ ಶತಮಾನದ ಹಿಂದೆ ಇಲ್ಲಿ ಭೂಮಿ ಕೊಟ್ಟು ಕೂರಿಸಿತು. ಈಗ ಅವರ ಮೊಮ್ಮಕ್ಕಳು ಭತ್ತ ಬೆಳೆಯುತ್ತಿದ್ದಾರೆ. ನನಗೆ ನೇಮಕವಾಗಿದ್ದದ್ದು ಮುಕ್ಕುಂದದ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ, ನರ್ಸ್ ಆಗಿ. ಹಳ್ಳಿಗೂ ಕ್ಯಾಂಪಿಗೂ ನಡುವೆ ಅದೇ ಆಟದ ಬಯಲು. ಹಳ್ಳಿಯ ಹೆಸರು ಬರೆಯುವುದಿಲ್ಲ. ಕೆಳಗೆ ಬರುವ ಹೆಸರುಗಳನ್ನೂ ಬದಲಿಸಿದ್ದೇನೆ.

ಇದನ್ನು ಓದುವ ಕಾರವಾರದವರೇ, ನಿಮಗೆ ಮನೆಯ ಕಥೆ ಹೇಳಬೇಕು. ಸಿಂಧನೂರು ಪೇಟೆಯಲ್ಲಿ ನಾಲ್ಕು ಕಡೆ ಬಾಡಿಗೆಗೆ ಕೇಳಿದೆ. ನಾಲ್ಕೂ ಕಡೆ ಮೊದಲು ಹೆಸರು ಕೇಳಿದರು, ಆಮೇಲೆ ಅಡ್ಡಹೆಸರು, ಆಮೇಲೆ, "ಏನ್ ಉಣ್ತೀರ್ರಿ?" ಮೀನು ಅಂದೆ. ಒಬ್ಬ ಯಜಮಾನರು ಬಾಗಿಲಲ್ಲೇ ನಿಂತು, "ಹಂಗಾದ್ರ ಆಗಂಗಿಲ್ಲ ಬಿಡ್ರಿ, ವಾಸನಿ ಬರ್ತೈತಿ" ಅಂದರು. ರೋಗಿಯ ವಾಂತಿ ಬಳಿಯುವ ಕೈಗೆ ವಾಸನೆಯ ಪಾಠ! ಕೊನೆಗೆ ಎರಡು ಕೋಣೆ ಕೊಟ್ಟವರು ಕ್ಯಾಂಪಿನ ಬಿಶಾಖಾ ಮಾಶಿ. ಮಾಶಿ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ನಾನು ಮೀನು ತಿನ್ನುತ್ತೇನೆಂದು ಕೇಳಿ ಅವರು ನಕ್ಕರು, ಮರುದಿನವೇ ಜೋಲ್ ಮಾಡಿಕೊಟ್ಟರು. ಜೋಲ್ ಅಂದರೆ ತೆಳ್ಳನೆಯ ಮೀನುಸಾರು. ತೆಂಗಿನಕಾಯಿ ಇಲ್ಲ, ಹುಣಸೆ ಇಲ್ಲ, ಸಾಸಿವೆಯೆಣ್ಣೆಯ ಘಾಟು. ಮೊದಲ ತುತ್ತು ನುಂಗಲಾಗಲಿಲ್ಲ. ಎರಡನೇ ತಿಂಗಳು ನಾನೇ ಕೇಳಿ ಹಾಕಿಸಿಕೊಂಡೆ. ಹಳ್ಳಿಯ ಮನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. "ಉಣ್ರಿ ಸಿಸ್ಟರ್, ನೀವು ನಮ್ಮೋರು" ಅನ್ನುತ್ತಿದ್ದರು. ಬಂದು ಆರು ತಿಂಗಳಾಗುವ ಮೊದಲೇ ನಾನು ಅವರಿಗೆ 'ನಮ್ಮವಳು' ಆಗಿದ್ದೆ. ಈ ಮಾತು ನೆನಪಾದಾಗಲೆಲ್ಲ ನನಗೆ ಈಗ ಮೈ ಉರಿಯುತ್ತದೆ.

ನನ್ನ ತಪ್ಪೂ ಇದೆ. ಆ ದಿನಗಳಲ್ಲಿ ತಂಗಿಗೆ ಫೋನ್ ಮಾಡಿ, "ನಾನೀಗ ಬಾಂಗ್ಲಾದೇಶದಲ್ಲಿದ್ದೇನೆ ಮಾರಾಯ್ತಿ" ಅಂದು ನಗಿಸುತ್ತಿದ್ದೆ. ಗೋಡೆಯಾಚೆ ಮಾಶಿ ಕೇಳಿಸಿಕೊಂಡಿದ್ದರೋ ಇಲ್ಲವೋ. ಕೇಳಲು ಇವತ್ತಿಗೂ ಧೈರ್ಯ ಬಂದಿಲ್ಲ.

ಮಾಶಿಯ ಮಗ ಸುಬಲ್ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ. ಉಳಿದ ಹೊತ್ತು ಅವನು ಕ್ಯಾಂಪಿನ ಫುಟ್‌ಬಾಲ್ ಸಂಘದ ನಾಯಕ. ಆ ಬಯಲು ಸವುಳು ನೆಲ. ಉಪ್ಪು ಮೇಲೆದ್ದು ಏನೂ ಬೆಳೆಯದ ಸರ್ಕಾರಿ ಜಾಗ. ಸುಬಲನ ಅಜ್ಜನ ಕಾಲದವರು ಮುಳ್ಳುಕಂಟಿ ಕಡಿದು, ಕೆರೆಮಣ್ಣು ಹೊತ್ತು ತಂದು ಸಮ ಮಾಡಿದರಂತೆ. ಕ್ಯಾಂಪಿನವರು ಅದನ್ನು 'ಮಾಠ್' ಅನ್ನುತ್ತಾರೆ, ಹಳ್ಳಿಯವರು 'ಬಾಲಿನ ಬಯಲು'. ಸುಗ್ಗಿ ಬಂದರೆ ಸಂಘ ತಿಂಗಳುಗಟ್ಟಲೆ ಆಟ ನಿಲ್ಲಿಸಿ, ಬಯಲು ಗುಡಿಸಿ, ಹಳ್ಳಿಯವರಿಗೆ ಭತ್ತ ಒಣಗಿಸಲು ಬಿಡುತ್ತದೆ. ಮಳೆಮೋಡ ಕಂಡರೆ ತಾಡಪತ್ರಿ ಎಳೆಯಲು ಆಟಗಾರರೇ ಓಡುತ್ತಾರೆ. ಭಾನುವಾರ ಬೆಳಿಗ್ಗೆ ಹಳ್ಳಿಯ ಹೆಣ್ಣುಮಕ್ಕಳಿಗೂ ಕ್ಯಾಂಪಿನ ಹೆಣ್ಣುಮಕ್ಕಳಿಗೂ ಒಟ್ಟಿಗೆ ಆಟ ಕಲಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಕಾದದ್ದು ಅವರ ರಕ್ತ. ಆಟಗಾರರೆಲ್ಲರ ರಕ್ತದ ಗುಂಪು, ಫೋನ್ ನಂಬರು ಬರೆದ ಹಾಳೆಯನ್ನು ಸುಬಲ್ ನನ್ನ ಉಪಕೇಂದ್ರಕ್ಕೆ ತಂದುಕೊಟ್ಟಿದ್ದ. ಮಸ್ಕಿಯಿಂದ ಕರೆ ಬಂದರೂ, ಲಿಂಗಸುಗೂರಿನಿಂದ ಬಂದರೂ ಯಾರಾದರೊಬ್ಬರು ಬೈಕ್ ಹತ್ತುತ್ತಿದ್ದರು. ಯಾರಿಗೆ ಅಂತ ಕೇಳುತ್ತಿರಲಿಲ್ಲ.

ನಮ್ಮ ಕಾರವಾರದಲ್ಲೂ ಫುಟ್‌ಬಾಲ್ ಸಂಘಗಳಿವೆ. ಗೋವೆಯ ಗಾಳಿ ಬೀಸುವ ಊರು. ಗೆದ್ದಾಗ ಪಟಾಕಿ, ಸೋತಾಗ ಜಗಳ ನೋಡಿದ್ದೆ. ಚೆಂಡು ಒದೆಯುವವರು ಪಕ್ಕದೂರಿನ ಬಾಣಂತಿಗೆ ರಕ್ತ ಕೊಡುವುದನ್ನು ಕಂಡಿದ್ದು ಇಲ್ಲೇ.

ಆ ಬಾಣಂತಿ ಹುಲಿಗೆಮ್ಮ. ಹಳ್ಳಿಯ ಶರಣಪ್ಪನವರ ಸೊಸೆ. ಶರಣಪ್ಪನವರು ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದವರು, ಹತ್ತು ಜನ ಮಾತು ಕೇಳುವಂಥವರು. ಒಂದು ಮಧ್ಯಾಹ್ನ ಉಪಕೇಂದ್ರದಲ್ಲಿ ಹೆರಿಗೆಯಾದ ಮೇಲೆ ಹುಲಿಗೆಮ್ಮನಿಗೆ ರಕ್ತ ನಿಲ್ಲಲಿಲ್ಲ. ಆಂಬುಲೆನ್ಸ್‌ನಲ್ಲಿ ಸಿಂಧನೂರಿಗೆ ಹೋಗುವಷ್ಟರಲ್ಲಿ ಅವಳ ತುಟಿ ಬಿಳಿಚಿತ್ತು. ಓ ನೆಗೆಟಿವ್ ಬೇಕೆಂದರು. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ನೋಡಿ ನಾನು ದಾರಿಯಿಂದಲೇ ಸುಬಲ್‌ಗೆ ಫೋನ್ ಮಾಡಿದ್ದೆ. ಅವನೂ ಇನ್ನೊಬ್ಬ ಆಟಗಾರನೂ ಗದ್ದೆಯ ಕೆಸರಿನ ಕಾಲಲ್ಲೇ ಬಂದರು. ಹುಲಿಗೆಮ್ಮ ಬದುಕಿದಳು. ಶರಣಪ್ಪನವರು ಆಸ್ಪತ್ರೆಯ ಅಂಗಳದಲ್ಲಿ ಸುಬಲನ ಎರಡೂ ಕೈ ಹಿಡಿದು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನಲ್ಲಿ ಮಾತ್ರ ಯಾರಿಗೂ ಹೇಳಬೇಡಿ ಎಂದು ಮನೆಯವರು ಕೇಳಿಕೊಂಡರು. ಯಾರ ರಕ್ತ ಯಾರ ಮೈಗೆ ಎಂಬ ಮಾತು ಹಬ್ಬುವುದು ಅವರಿಗೆ ಬೇಡವಾಗಿತ್ತು. ನರ್ಸ್ ಆದವಳು ಹೇಳುವುದೂ ಇಲ್ಲ. ಹೇಳಬಾರದು.

ಅದಾಗಿ ಏಳೆಂಟು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಬಯಲಿನ ಗೋಲ್‌ಕಂಬಕ್ಕೆ ತಗಡಿನ ಬೋರ್ಡು ಹೊಡೆದಿದ್ದರು: 'ಗ್ರಾಮದ ಜಾಗ. ಹೊರಗಿನವರಿಗೆ ಪ್ರವೇಶವಿಲ್ಲ.' ಅಲ್ಲಿ ಗೋದಾಮು ಕಟ್ಟಬೇಕೆಂದು ಶರಣಪ್ಪನವರು ಊರಿನಲ್ಲಿ ಓಡಾಡಿ ಸಹಿ ಹಾಕಿಸಿಕೊಂಡಿದ್ದರು. ಅರ್ಜಿಯಲ್ಲಿ 'ಎಲ್ಲಿಯವರೆಂದು ತಿಳಿಯದ ಜನ ಇಲ್ಲಿ ಸೇರುತ್ತಾರೆ' ಎಂಬ ಸಾಲೂ ಇತ್ತು.

ಸುಬಲ್ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದ. ಅವನು ಕಲಿತದ್ದು ಇದೇ ಹಳ್ಳಿಯ ಕನ್ನಡ ಶಾಲೆಯಲ್ಲಿ.

"ನಮ್ಮಪ್ಪ ಇಲ್ಲೇ ಹುಟ್ಟ್ಯಾನ, ನಾನೂ ಇಲ್ಲೇ ಹುಟ್ಟೀನಿ" ಅಂದ. "ಹೊರಗಿನವ್ರು ಅಂದ್ರ ಯಾರ್ರಿ ಸಿಸ್ಟರ್?"

ಬಯಲಿನಲ್ಲಿ ನಿಂತವರಲ್ಲಿ ಹೊರಗಿನವಳು ಒಬ್ಬಳೇ. ಎರಡು ವರ್ಷದ ಹಿಂದೆ ಕಾರವಾರದಿಂದ ಬಂದವಳು.

"ಕಿತ್ತು ಬಿಸಾಕು" ಅಂದೆ.

"ಬ್ಯಾಡ್ರಿ. ಕಿತ್ರ ನಾವು ಜಗಳಗಂಟ್ರು ಆಗ್ತೀವಿ. ಅದಕ್ಕ ಕಾಯಾಕತ್ತಾರ ಅವ್ರು."

ಅವನ ತಾಳ್ಮೆ ಕಂಡು ನನ್ನ ಸಿಟ್ಟು ಇನ್ನೂ ಏರಿತು. ಅಂದು ಸಂಜೆ ನೇರ ಶರಣಪ್ಪನವರ ಮನೆಗೆ ಹೋದೆ. ಚಹಾ ಬಂತು, ಮುಟ್ಟಲಿಲ್ಲ.

"ಆ ಹುಡುಗ್ರು ನಿಮಗೇನು ಮಾಡಿದ್ದಾರೆ ಅಂತ ಮರೆತು ಹೋಯಿತಾ?"

"ಮರೆತಿಲ್ಲ ಸಿಸ್ಟರ್" ಅಂದರು, ದನಿ ಏರಿಸದೆ. "ಅವ್ರು ಭಾಳ ಒಳ್ಳೇವ್ರು ಅದಾರ. ಒಳ್ಳೇವ್ರು ಅಂತ ಊರಿನ ಭೂಮಿ ಬಿಟ್ಟು ಕೊಡಾಕ ಬರ್ತೈತೇನು? ರಕ್ತಕ್ಕ ಹೆಸರಿಲ್ಲ. ಭೂಮಿಗೆ ಹೆಸರೈತಿ."

"ಯಾರ ಹೆಸರಿದೆ? ಅದು ಸರ್ಕಾರದ್ದು."

"ನೀವು ಸೂಜಿ ಹಾಕಾಕ ಬಂದೀರಿ. ಹಾಕ್ರಿ. ಇದ್ರಾಗ ಬೀಳಬ್ಯಾಡ್ರಿ."

ಒಳಬಾಗಿಲಲ್ಲಿ ಹುಲಿಗೆಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಕಣ್ಣು ತಪ್ಪಿಸಿ ಒಳಗೆ ಹೋದಳು. ಅವಳ ಮೇಲೂ ಸಿಟ್ಟು ಬಂತು. ಮೈಯಲ್ಲಿ ಅವನ ರಕ್ತ ಹರಿಯುತ್ತಿದ್ದರೂ ಬಾಯಲ್ಲಿ ಒಂದು ಮಾತಿಲ್ಲವಲ್ಲ ಎಂದು.

ಮುಂದಿನ ವಾರ ಗ್ರಾಮಸಭೆ. ಶಾಲೆಯ ಅಂಗಳದಲ್ಲಿ ಜನ ಕೂತಿದ್ದರು. ಕ್ಯಾಂಪಿನವರು ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ಸುಬಲ್ ಮುಂದೆ ಬಂದು ನಾಲ್ಕು ಮಾತು ಆಡುವಷ್ಟರಲ್ಲಿ ಯಾರೋ, "ಮೊದಲು ಕಾಗದ ತೋರ್ಸಲೇ, ಆಮ್ಯಾಲ ಮಾತಾಡು" ಅಂದ. ಒಂದಷ್ಟು ಜನ ನಕ್ಕರು. ಶರಣಪ್ಪನವರು ನಗಲಿಲ್ಲ, ತಡೆಯಲೂ ಇಲ್ಲ.

ನಾನು ಎದ್ದು ನಿಂತೆ. ಏನು ಮಾತಾಡಬೇಕೆಂದು ಯೋಚಿಸಿರಲಿಲ್ಲ. ಬಾಯಿಂದ ಬಂದದ್ದು ಇಷ್ಟು: "ಕಾಗದ ಬೇಕಾ? ಶರಣಪ್ಪನವರ ಮನೆಗೆ ಹೋಗಿ ನೋಡಿ. ಅವರ ಸೊಸೆ ಹುಲಿಗೆಮ್ಮನ ಮೈಯಲ್ಲಿ ಇವನ ರಕ್ತ ಇದೆ. ಅದಕ್ಕಿಂತ ದೊಡ್ಡ ಕಾಗದ ಯಾವುದು?"

ನಗು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಒಂದು ನಿಮಿಷ, ಅಷ್ಟೇ. ತಿರುಗಿ ನೋಡಿದರೆ ಸುಬಲ್ ತಲೆ ತಗ್ಗಿಸಿದ್ದ. ಶರಣಪ್ಪನವರ ಮುಖ ಕಪ್ಪಿಟ್ಟಿತ್ತು. ಮುಂದೆ ಕೂತ ಹೆಂಗಸರು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತಿದ್ದರು, ಬಯಲಿನ ಬಗ್ಗೆ ಅಲ್ಲ.

ಬಯಲು ಉಳಿಯಿತು. ಉಳಿಸಿದ್ದು ನನ್ನ ಮಾತಲ್ಲ. ಆ ಪಿಸುಮಾತು ಇಳಿದ ಮೇಲೆ ಮೌಲಾಬಿ ಎಂಬ ಮುದುಕಿ ಕೋಲು ಊರಿ ಎದ್ದಳು. ಎರಡು ಎಕರೆ ಭತ್ತದವಳು. "ಗೋದಾಮು ಕಟ್ಟಿದ್ರ ನನ್ನ ಭತ್ತ ಎಲ್ಲಿ ಹಾಕ್ಲೋ ಶರಣಪ್ಪಾ, ನಿನ್ನ ಮಾಳಿಗಿ ಮ್ಯಾಲ ಹಾಕ್ಲೇನು? ಸುಗ್ಗಿ ಮುಂದೈತಿ" ಅಂದಳು. ಇನ್ನೊಬ್ಬ ರೈತ ಹೌದು ಅಂದ, ಮತ್ತೊಬ್ಬನೂ ಅಂದ. ರಸ್ತೆಯ ಮೇಲೆ ಒಣಹಾಕಿದ ಭತ್ತದ ಮೇಲೆ ಹೋದ ವರ್ಷ ಲಾರಿ ಹಾದದ್ದು ಎಲ್ಲರಿಗೂ ನೆನಪಾಯಿತು. ಸಹಿ ಹಾಕಿದವರೇ ಅರ್ಜಿ ಸದ್ಯಕ್ಕೆ ಇರಲಿ ಅಂದರು. ಮರುದಿನ ಬೋರ್ಡು ಇರಲಿಲ್ಲ. ಮೂರು ದಿನದಲ್ಲಿ ಬಯಲು ತುಂಬ ಭತ್ತ ಹರಡಿತ್ತು. ಸಂಘದವರೇ ಗುಡಿಸಿಕೊಟ್ಟಿದ್ದರು.

ಅರ್ಧ ಶತಮಾನದ ಬದುಕಿಗಾಗಿ ಉಳಿಯಲಿಲ್ಲ, ಕೊಟ್ಟ ರಕ್ತಕ್ಕಾಗಿ ಉಳಿಯಲಿಲ್ಲ, ಭತ್ತ ಒಣಗಬೇಕೆಂದು ಉಳಿಯಿತು! ಸುಬಲ್ ಎದುರು ಕೂಗಾಡಿದೆ. ಅವನು ತಾಡಪತ್ರಿ ಮಡಿಸುತ್ತಿದ್ದ.

"ಭತ್ತಕ್ಕಾದ್ರೂ ಉಳೀತಲ್ರಿ" ಅಂದ. ಮಡಿಸಿದ್ದನ್ನು ಹಗ್ಗದಿಂದ ಬಿಗಿದು, "ಆಕೀ ಹೆಸರು ತೆಗೀಬಾರದಿತ್ತು ಸಿಸ್ಟರ್. ನಾವು ಕೊಟ್ಟಿದ್ದು ತೋರ್ಸಾಕ ಅಲ್ಲ."

ಅವನು ಸಿಟ್ಟಿನಿಂದ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹುಲಿಗೆಮ್ಮನ ಅತ್ತೆ ಅವಳನ್ನು ದೇವರ ಕೋಣೆಗೆ ಬಿಡುತ್ತಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ನೀರು ತರಲು ಹೋದ ಕಡೆ ಹೆಂಗಸರು "ಬಂಗಾಲಿ ಬಂದ್ಲು" ಅಂತ ಚೇಷ್ಟೆ ಮಾಡುತ್ತಾರಂತೆ. ನಾನು ಎರಡು ಸಲ ಆ ಮನೆಯ ಮುಂದೆ ಹೋಗಿ ನಿಂತೆ. ಬಾಗಿಲು ತೆರೆಯಲಿಲ್ಲ.

ನಡುವೆ ನಾಲ್ಕು ದಿನ ಕಾರವಾರಕ್ಕೆ ಬಂದಿದ್ದೆ. ಅಮ್ಮ ಬಂಗುಡೆ ಹುರಿದಿದ್ದಳು, ಸಮುದ್ರದ ಸದ್ದು ಕಿವಿಗೆ ಹಿತವಾಗಿತ್ತು. ರಸ್ತೆಗೆ ಡಾಂಬರು ಹಾಕುತ್ತಿದ್ದ ರಾಯಚೂರು ಕಡೆಯ ಹೆಂಗಸರನ್ನು ತೋರಿಸಿ ನಮ್ಮ ಮಾವ, "ಈ ಘಟ್ಟದ ಮೇಲಿನವರು ಬಂದ ಮೇಲೆ ಊರು ಹೊಲಸಾಯಿತು" ಅಂದರು. ತಟ್ಟೆ ಬಿಟ್ಟು ಎದ್ದೆ. "ಏನ್ ಮಾತಾಡಾಕತ್ತೀರಿ ಮಾವಾ?" ಎಂದು ಕೂಗಿದ್ದು ಕೊಂಕಣಿಯಲ್ಲಲ್ಲ, ನಮ್ಮ ಮನೆಯ ಕನ್ನಡದಲ್ಲೂ ಅಲ್ಲ. ಎಲ್ಲರೂ ನಕ್ಕರು. ತಂಗಿ ವರ್ಗಾವಣೆಯ ಅರ್ಜಿ ತಂದು ಕೈಗಿಟ್ಟಳು. "ಸಾಕು, ಬಂದುಬಿಡು" ಅಂದಳು.

ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದಿಗೆ ಹುಲಿಗೆಮ್ಮ ಬರಲಾರಳು ಎಂದುಕೊಂಡಿದ್ದೆ. ಕಳೆದ ಗುರುವಾರ ಬಂದಳು, ಒಬ್ಬಳೇ. ಕಾರ್ಡು ಮೇಜಿನ ಮೇಲಿಟ್ಟಳು. ಕೂಸಿನ ತೋಳು ಹಿಡಿದುಕೊಂಡಳು. ಕೂಸು ಅತ್ತು ಸುಮ್ಮನಾಯಿತು. ನಾನು ತಪ್ಪಾಯಿತು ಅಂದೆ.

"ನೀವು ಇಲ್ಲೇ ಇರೋರೋ, ಹೋಗೋರೋ?" ಎಂದು ಕೇಳಿದಳು.

"ಗೊತ್ತಿಲ್ಲ ಹುಲಿಗೆಮ್ಮ."

"ಹೋಗೋರಿಗೆ ಮಾತು ಸಸ್ತಾ ಯಕ್ಕಾ. ಆಡಿ ಹೋಗ್ತಾರ. ನಾವು ಅದ್ರಾಗ ಬಾಳ್ವಿ ಮಾಡ್ಬೇಕು. ನಾನೂ, ಆ ಸುಬಲಣ್ಣನೂ."

ಮುಂದಿನ ಚುಚ್ಚುಮದ್ದು ಯಾವಾಗ ಎಂದು ಕೇಳಿದಳು. ಹದಿನಾರು ತಿಂಗಳು ತುಂಬಿದ ಮೇಲೆ ಅಂದೆ. ತಲೆಯಾಡಿಸಿ, ಕೂಸಿಗೆ ಸೆರಗು ಹೊದಿಸಿ, ಬಿಸಿಲಿಗೆ ಇಳಿದು ಹೋದಳು.

ವರ್ಗಾವಣೆಯ ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ. ಈ ಊರಿನ ಮೇಲೆ ಪ್ರೀತಿಯೆಂದು ತಿಳಿಯಬೇಡಿ. ಸಿಟ್ಟು ಆರಿಲ್ಲ, ನನ್ನ ಮೇಲಿನದಂತೂ ಆರುವ ಲಕ್ಷಣವಿಲ್ಲ. ಕಾರವಾರದ ಮಳೆ, ಮೀನು, ಅಮ್ಮ ಎಲ್ಲ ಬೇಕು. ಆದರೆ ಈಗ ಹೊರಟರೆ ಹುಲಿಗೆಮ್ಮ ಹೇಳಿದಂತೆ ಮಾತಾಡಿ ಹೋದವಳಾಗುತ್ತೇನೆ. ಆ ಕೂಸಿಗೆ ಹದಿನಾರು ತಿಂಗಳಾಗುವವರೆಗಾದರೂ ಇಲ್ಲಿರಬೇಕು.