ಎಡಗೈಯಲ್ಲಿ ಗೀರಿದ ಮೊಗ್ಗುಗಳು

ಆ ಬೆಳಗ್ಗೆ ಹೊಲದಲ್ಲಿ ತಪ್ಪನ್ನು ಮೊದಲು ಒಪ್ಪಿಕೊಂಡದ್ದು ನಾನೋ ನನ್ನ ದೊಡ್ಡವ್ವನೋ ಎಂಬುದು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಹತ್ತು ವರ್ಷ ಅದು ನಾನೇ ಎಂದುಕೊಂಡಿದ್ದೆ. ಗೆಳೆಯರಿಗೆ ಎರಡು ಮೂರು ಸಲ ಹಾಗೆಂದೇ ಹೇಳಿದ್ದೆ. ಪ್ರತಿ ಸಲವೂ ಕಥೆಯಲ್ಲಿ ನಾನು ಸ್ವಲ್ಪ ಬೇಗ ಮುಂದೆ ಬರುತ್ತಿದ್ದೆ, ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು. ನೆನಪು ಹೀಗೆ ವರ್ಷವರ್ಷಕ್ಕೂ ಚೆಂದವಾಗುತ್ತಾ ಹೋದರೆ ಅದನ್ನು ನಂಬಬಾರದು ಎಂದು ತಿಳಿಯುವಷ್ಟು ಓದಿದ್ದೇನೆ. ಆದರೂ ನಂಬಿದ್ದೆ.

ಆಗ ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸ ಸಿಗದೆ, ಹಲಗೇರಿ ಹತ್ತಿರದ ದೊಡ್ಡವ್ವನ ಮನೆಯಲ್ಲಿದ್ದೆ. ದೊಡ್ಡವ್ವ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಬೆಂಡೆಯ ಹೈಬ್ರಿಡ್ ಬೀಜ ಬೆಳೆದುಕೊಡುತ್ತಿದ್ದಳು. ಆ ಕೆಲಸಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನವೇ ಗುರುತಿಸಬೇಕು. ಬುಡದ ಸುತ್ತ ಹೆಬ್ಬೆರಳ ಉಗುರಿನಿಂದ ಗೀರಿ, ಎಸಳುಗಳನ್ನೂ ಒಳಗಿನ ಹಳದಿ ಪರಾಗವನ್ನೂ ಒಟ್ಟಿಗೇ ಎಳೆದು ತೆಗೆಯಬೇಕು. ಹೆಣ್ಣು ಭಾಗ ಮಾತ್ರ ಉಳಿಯಬೇಕು. ಅದಕ್ಕೊಂದು ಕೆಂಪು ಕಾಗದದ ಟೊಪ್ಪಿಗೆ ಹಾಕಿ, ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡು ಹೂ ತಂದು ಮುಟ್ಟಿಸಿ ದಾರ ಕಟ್ಟಬೇಕು. ಒಂದಿಷ್ಟು ಪರಾಗ ಉಳಿದರೂ ಹೂ ತನಗೆ ತಾನೇ ಕಾಯಿಕಟ್ಟುತ್ತದೆ, ಬೀಜ ಕೆಡುತ್ತದೆ.

ಏಳೆಂಟು ಹೆಂಗಸರು ಈ ಕೆಲಸಕ್ಕೆ ಬರುತ್ತಿದ್ದರು. ಅವರಲ್ಲೆಲ್ಲ ಚುರುಕಾದ ಕೈ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮುಸ್ಲಿಂ ಹೆಂಗಸಿನದು. ವಯಸ್ಸು ಮೂವತ್ತೈದರ ಆಸುಪಾಸು. ಗಂಡನಿಲ್ಲದ ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಈ ಒಂದು ಕೆಲಸದಿಂದ ಸಾಕುತ್ತಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ದೊಡ್ಡವ್ವ ಅವರಿಗೊಂದು ಬೇರೆ ಸ್ಟೀಲಿನ ಲೋಟ ಇಟ್ಟಿದ್ದಳು. ಅದನ್ನು ಬೇಲಿಯ ಗೂಟಕ್ಕೆ ಬೋರಲು ಹಾಕಿರುತ್ತಿದ್ದರು.

ಆ ಲೋಟ ನೋಡಿದಾಗಲೆಲ್ಲ ನನ್ನ ತಲೆ ಕಾಯುತ್ತಿತ್ತು. ದೊಡ್ಡವ್ವ ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು, ವಾರಕ್ಕೊಮ್ಮೆ ಮಠಕ್ಕೆ ಹೋಗುವವಳು. ಒಂದು ದಿನ ಬುತ್ತಿ ಬಿಚ್ಚಿದಾಗ ಎಲ್ಲರೆದುರೇ ಕೇಳಿದೆ.

"ದೊಡ್ಡವ್ವಾ, ಶರಣರು ಎಲ್ಲಾರೂ ಒಂದ ಅಂತ ಹೇಳಿದ್ರು. ನೀ ನೋಡಿದ್ರ ಲೋಟ ಎರಡು ಇಟ್ಟೀದಿ. ಇದಕ್ಕೇನಂತಿ?"

"ನಾ ತಪ್ಪು ಮಾಡಿದ್ರ ನನ್ನ ಬೈಯಿ. ಶರಣರನ್ನ ಯಾಕ ಎಳದು ತರ್ತಿ?"

"ಅವರ ಧರ್ಮ ಹಿಡದಾಕಿ ನೀನ ಅಲ್ಲ? ನಿನ್ನ ನೋಡಿನ ಅದನ್ನ ಅಳೀಬೇಕು."

"ಹಂಗಾರ ನೀ ಮುಂಜಾನಿ ಒಂಬತ್ತಕ್ಕ ಏಳ್ತಿ. ಧಾರವಾಡದ ಯೂನಿವರ್ಸಿಟಿ ತುಂಬ ಬರೇ ಮೈಗಳ್ಳರ ಅದಾರ ಅಂತ ಊರಾಗ ಡಂಗುರಾ ಹೊಡಸ್ಲೇನು?"

ಹೆಂಗಸರೆಲ್ಲ ನಕ್ಕರು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಂತೆ ನೆನಪು. ಲೋಟ ಮಾತ್ರ ಗೂಟದಲ್ಲೇ ಇತ್ತು.

ಮೊಗ್ಗು ಜೋರಾಗಿ ಬರುವ ಹೊತ್ತಿಗೆ ರಂಜಾನ್ ತಿಂಗಳು ಶುರುವಾಯಿತು. ಅಕ್ಕ ಉಪವಾಸವಿದ್ದೇ ಬರುತ್ತಿದ್ದರು. ಉಳಿದವರು ಆರು ಗಂಟೆಯ ತನಕ ಮೊಗ್ಗು ಬಿಡಿಸುವಾಗ ಅವರು ಐದರ ಬಸ್ಸು ಹಿಡಿಯಬೇಕಿತ್ತು. ಕೇಳಲು ಹಿಂಜರಿಯುತ್ತಿದ್ದರು. ದೊಡ್ಡವ್ವನೇ ಅವರ ಕೈಯಿಂದ ಕಾಗದದ ಟೊಪ್ಪಿಗೆಗಳ ಚೀಲ ಕಿತ್ತುಕೊಂಡಳು.

"ಲಗೂ ಹೋಗವ್ವಾ. ರೋಜಾ ಬಿಡೂದಕ್ಕ ಮಕ್ಕಳು ನಿನ್ನ ಹಾದಿ ನೋಡತಿರ್ತಾವ. ಉಳಿದದ್ದು ಇವ ಮಾಡ್ತಾನ. ಸುಮ್ನ ಕುಂತು ಕುಂತು ಇವಂಗೂ ಬ್ಯಾಸರಾಗೇತಿ."

ಹೀಗೆ ದಿನಾ ಒಂದು ತಾಸು ಅಕ್ಕನ ಸಾಲು ನನ್ನ ಪಾಲಿಗೆ ಬಂತು. ಮೊದಲ ದಿನ ಶ್ರದ್ಧೆಯಿಂದ ಮಾಡಿದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾವುದೋ ಉಪನ್ಯಾಸ ಕೇಳುತ್ತಾ ಮಾಡಿದೆ. ವಿಷಯ ವಿಚಾರವಾದವೇ ಇದ್ದಿರಬೇಕು, ಆಗ ನಾನು ಕೇಳುತ್ತಿದ್ದದ್ದು ಅಂಥದ್ದೇ. ಬೆಂಡೆಯ ಸುಂಕು, ಆ ಸಣ್ಣ ಮುಳ್ಳಿನಂಥ ರೋಮ, ತಗುಲಿ ಕೈ ತುರಿಸುತ್ತಿತ್ತು. ಉಗುರು ಮೇಲುಮೇಲೆ ಆಡಿಸಿ ಟೊಪ್ಪಿಗೆ ಹಾಕುತ್ತಾ ನಡೆದಿದ್ದು ನೆನಪಿದೆ.

ಮರುದಿನ ಬೆಳಗ್ಗೆ ಕಂಪನಿಯ ಸೂಪರ್‌ವೈಜರ್ ಬಂದ. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಟೊಪ್ಪಿಗೆ ಎತ್ತಿ ನೋಡುವುದು ಅವನ ಪದ್ಧತಿ. ಬಾವಿಯ ಕಡೆಯ ಸಾಲಿನ ತುದಿಗೆ ಬಂದವನು ನಿಂತುಬಿಟ್ಟ. ಎತ್ತಿದ ಟೊಪ್ಪಿಗೆಯ ಕೆಳಗೆಲ್ಲ ಹಳದಿ ಪರಾಗ ಹಾಗೇ ಅಂಟಿಕೊಂಡಿತ್ತು.

"ಈ ಸಾಲು ಯಾರದು?"

ಯಾರೋ ಅಕ್ಕನ ಕಡೆ ತೋರಿಸಿದರು. ಅವರು ಕೈಯಲ್ಲಿ ಗಂಡು ಹೂಗಳ ಡಬ್ಬಿ ಹಿಡಿದು ನಿಂತಿದ್ದರು.

"ನಾಳಿಂದ ಈಕಿನ್ನ ಕ್ರಾಸಿಂಗಿಗೆ ಹಾಕಬ್ಯಾಡ್ರಿ," ಎಂದ ದೊಡ್ಡವ್ವನಿಗೆ. "ಹಾಕಿದ್ರ ಪ್ಲಾಟ್ ಕ್ಯಾನ್ಸಲ್ ಮಾಡಬೇಕಾಗ್ತೇತಿ. ಉಳಿದ ಪ್ಲಾಟಿನವರಿಗೂ ಹೇಳ್ತೀನಿ."

ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಸುತ್ತಲಿನ ಊರುಗಳಲ್ಲಿ ಕಂಪನಿಗೆ ಬೀಜ ಬೆಳೆಯುವ ಪ್ಲಾಟುಗಳಿಗೆಲ್ಲ ಅವನೇ ಓಡಾಡುತ್ತಿದ್ದ. ಅವನು ಒಬ್ಬಳ ಕೈ ಕೆಟ್ಟದ್ದು ಅಂದರೆ ಆಕೆಯನ್ನು ಮತ್ತೆ ಯಾರೂ ಕ್ರಾಸಿಂಗಿಗೆ ಕರೆಯುತ್ತಿರಲಿಲ್ಲ.

"ಉಪಾಸ ಇದ್ದು ಕಣ್ಣಿಗೆ ಕತ್ಲಿ ಬಂದಿರಬೇಕು," ಎಂದಳು ಒಬ್ಬಳು.

"ಕತ್ಲಿ ಅಲ್ಲವ್ವಾ, ಗಡಿಬಿಡಿ," ಎಂದಳು ಅವಳ ಪಕ್ಕದವಳು. "ಚಿತ್ತೆಲ್ಲಾ ಬಸ್ಸಿನ ಕಡೆ ಇರತೈತಿ. ಅವರ ಮಂದಿನ ಹಂಗ. ಧರ್ಮ ಅಂದ್ರ ಮುಗೀತು, ಕೆಲಸ ಹಾಳಾದ್ರೂ ಚಿಂತಿಲ್ಲ."

ಇಲ್ಲಿಂದ ಮುಂದೆ ನನ್ನ ನೆನಪು ಹೇಳುತ್ತಿದ್ದದ್ದು ಹೀಗೆ. ನಾನು ಬದುವಿನಿಂದ ಇಳಿದು ಮುಂದೆ ಬಂದೆ. "ಅವು ನನ್ನವು," ಎಂದೆ. ಆಮೇಲೆ ಆ ಹೆಂಗಸರ ಕಡೆ ತಿರುಗಿ, ಒಬ್ಬರ ತಪ್ಪನ್ನು ಇಡೀ ಧರ್ಮದ ತಲೆಗೆ ಕಟ್ಟಬಾರದು ಎಂದು ನಾಲ್ಕು ಮಾತು ಹೇಳಿದೆ. ದೊಡ್ಡವ್ವ ಒಂದು ಮೊಗ್ಗು ಕಿತ್ತು ಸೂಪರ್‌ವೈಜರನಿಗೆ ಹಿಡಿದಳು. "ನೋಡ್ರಿ, ಗೀರು ಎದುರು ದಿಕ್ಕಿಗೆ ಓರೆಯಾಗೇತಿ. ಎಡಗೈಲೆ ಗೀರಿದ್ದು. ನಮ್ಮ ಮಂದ್ಯಾಗ ಎಡಚ ಇವನೊಬ್ಬನ. ತಪ್ಪು ನಮ್ಮ ಮನೀದು. ಆಕಿ ನಾಳಿಗೂ ಬರ್ತಾಳ, ನಾಡದಿಗೂ ಬರ್ತಾಳ," ಎಂದಳು. ಸೂಪರ್‌ವೈಜರ್ ನನ್ನ ಕೈ ನೋಡಿದ, ಮೊಗ್ಗು ನೋಡಿದ, ಆ ತುದಿಯ ಮೊಗ್ಗುಗಳನ್ನೆಲ್ಲ ಕಿತ್ತು ಹಾಕಲು ಹೇಳಿ ಬೈಕ್ ಹತ್ತಿದ. ಕಿತ್ತವನು ನಾನೇ. ದೊಡ್ಡವ್ವ ಬದುವಿನ ಮೇಲೆ ಕೂತು ಕಿತ್ತ ಸಾಲನ್ನು ನನ್ನಿಂದ ಮತ್ತೊಮ್ಮೆ ನೋಡಿಸಿದಳು. ಅಕ್ಕ ಆ ಹಂಗಾಮು ಮುಗಿಸಿದರು, ಮುಂದೆಯೂ ಹಲವು ಹಂಗಾಮು ಬಂದರು.

ಇಷ್ಟು ವರ್ಷ ನಾನು ಹೇಳುತ್ತಾ ಬಂದ ಕಥೆ ಇದು.

ಈಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೋದ ಜನವರಿಯಲ್ಲಿ ತರಗತಿಯಲ್ಲಿ ಒಂದು ಧರ್ಮವನ್ನು ಅದನ್ನು ಪಾಲಿಸುವವರ ನಡತೆಯಿಂದ ಅಳೆಯಬೇಕೇ ಎಂಬ ಚರ್ಚೆ ಎದ್ದಿತು. ಹುಡುಗರು ಎರಡು ಪಕ್ಷವಾದರು. ನಡತೆಯಿಂದಲ್ಲದೆ ಬೇರೆ ಯಾವುದರಿಂದ ಅಳೆಯುವುದು ಎಂದು ಒಂದು ಪಕ್ಷ. ಕೆಟ್ಟವರು ಎಲ್ಲದರಲ್ಲೂ ಇರುತ್ತಾರೆ ಎಂದು ಇನ್ನೊಂದು. ನಾನು ಬೆಂಡೆಯ ಹೊಲದ ಕಥೆ ಹೇಳಿದೆ. ಹುಡುಗರು ತಲೆದೂಗಿದರು, ನನಗೆ ಸಂತೋಷವಾಯಿತು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಅವರು ಏನಂದ್ರು?"

"ಯಾರು?"

"ಆ ಅಕ್ಕ. ಕೆಲಸ ಹೋಗ್ತಿದ್ದದ್ದು ಅವರದಲ್ವಾ, ಸರ್?"

ಆ ಬೆಳಗಿನ ನೆನಪಿನಲ್ಲಿ ಅವರ ಕೈಯ ಡಬ್ಬಿ ಇತ್ತು, ಅವರ ಒಂದೇ ಒಂದು ಮಾತು ಇರಲಿಲ್ಲ. ಮುಖವೂ ಸರಿಯಾಗಿ ಇರಲಿಲ್ಲ.

ಆ ಭಾನುವಾರ ಬ್ಯಾಡಗಿಗೆ ಹೋದೆ. ಮಗಳನ್ನು ಅಲ್ಲಿಗೆ ಕೊಟ್ಟ ಮೇಲೆ ಅಕ್ಕ ಅಲ್ಲೇ ಇದ್ದಾರೆ, ಹಂಗಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ ಎಂದು ದೊಡ್ಡವ್ವನ ಊರಿನವರು ಹೇಳಿದ್ದರು. ಒಂದು ದೊಡ್ಡ ತಗಡಿನ ಶೆಡ್ಡಿನಲ್ಲಿ, ಕೆಂಪು ರಾಶಿಯ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರ ನಡುವೆ ಅವರಿದ್ದರು. ಮಾತಾಡುವ ಮೊದಲೇ ನನಗೆ ಸೀನು ಶುರುವಾಯಿತು.

"ಹೊರಗ ಬರ್ರಿ ಅಣ್ಣಾರ, ನಿಮಗ ಈ ಘಾಟು ತಡಿಯಂಗಿಲ್ಲ," ಎಂದು ಕೈ ಒರೆಸಿಕೊಳ್ಳುತ್ತಾ ಎದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಶೆಡ್ಡಿನ ಪಕ್ಕದ ಬೇವಿನ ಮರದ ಕೆಳಗೆ ಚಹಾ ತರಿಸಿದರು. ದೊಡ್ಡವ್ವನ ಮೊಣಕಾಲಿನ ಬಗ್ಗೆ ಕೇಳಿದರು. ನಾನು ಬಂದ ಕಾರಣ ಹೇಳಿದಾಗ ಬಿದ್ದು ಬಿದ್ದು ನಕ್ಕರು.

"ಅದನ್ನ ಕೇಳಾಕ ಹಾವೇರಿಯಿಂದ ಬಂದ್ರೇನು?"

"ಅವತ್ತು ಮೊದ್ಲು ಮಾತಾಡಿದ್ದು ಯಾರು, ಅಕ್ಕಾ?"

"ನೀವ."

ಎದೆ ಹಗುರಾಯಿತು. "ಏನಂದೆ?"

"ಭಾಷಣ ಮಾಡಿದ್ರಲ್ಲ. ಒಬ್ಬಾಕಿ ತಪ್ಪು ಮಾಡಿದ್ರ ಇಡೀ ಧರ್ಮಕ್ಕ ಅನ್ನಬಾರದು ಅಂತ. ಭಾಳ ಚಂದ ಮಾತಾಡಿದ್ರಿ, ಅಣ್ಣಾರ. ನಾ ಮನಸಿನ್ಯಾಗ ಅಂದ್ಕೊಂಡೆ, ಇವರೂ ತಪ್ಪು ಮಾಡಿದಾಕಿ ನಾನ ಅಂತ ಖಾಯಂ ಮಾಡೇಬಿಟ್ರು ಅಂತ."

ಚಹಾದ ಕಪ್ಪು ಕೆಳಗಿಟ್ಟೆ. "ಅವು ನನ್ನವು ಅಂತ ನಾ ಅನ್ಲಿಲ್ಲೇನು?"

"ಅವಾಗ ಅನ್ಲಿಲ್ಲ. ಅವ್ವಾರ ಮೊಗ್ಗು ಕಿತ್ತು ತೋರ್ಸಿದ್ರು, ಅವರ ಹೇಳಿದ್ರು. ನೀವು ಕೆಂಪಗಾಗಿ ನಿಂತಿದ್ರಿ." ನನ್ನ ಮುಖ ನೋಡಿ ಅವರ ದನಿ ಮೆತ್ತಗಾಯಿತು. "ಸಂಜೀಕ ಅಂದ್ರಲ್ಲ. ನಾ ಬಸ್ಸಿಗೆ ನಿಂತಾಗ ಓಡಿ ಬಂದು, 'ಅಕ್ಕಾ, ಅವು ನನ್ನವು' ಅಂದ್ರಿ. ಕಣ್ಣಾಗ ನೀರು ಬಂದಿತ್ತು. ನೆನಪಿಲ್ಲೇನು?"

ನೆನಪಿರಲಿಲ್ಲ. ಬಸ್ ಸ್ಟಾಪಿನ ಆ ಸಂಜೆ ನನ್ನ ತಲೆಯಿಂದ ಪೂರ್ತಿ ಹೋಗಿತ್ತು. ಅಲ್ಲಿ ಆಡಿದ ಮಾತನ್ನು ಮಾತ್ರ ಎತ್ತಿಕೊಂಡು ಬಂದು ಬೆಳಗಿನ ಹೊಲದಲ್ಲಿ, ಎಲ್ಲರ ಮುಂದೆ ಇಟ್ಟುಕೊಂಡಿದ್ದೆ.

"ನೀವ್ಯಾಕ ಸುಮ್ನಿದ್ರಿ? ಆ ತುದಿ ನನ್ನದು ಅಂತ ನಿಮಗ ಗೊತ್ತಿತ್ತಲ್ಲ."

"ನನ್ನ ಬಸ್ಸಿಗೆ ಕಳಿಸಿ ನನ್ನ ಕೆಲಸಾ ಹಿಡದವರ ಕಡೆ ಹೆಂಗ ಬೆರಳು ತೋರಿಸ್ಲಿ, ಅದೂ ರೋಜಾದಾಗ? ಹಂಗಂತ ನನ್ನವು ಅಂತ ಸುಳ್ಳೂ ಹೇಳಂಗಿಲ್ಲ. ನಿಮ್ಮ ಕಡೆ ನೋಡ್ದೆ. ಆಮ್ಯಾಲ ಅವ್ವಾರ ಕಡೆ ನೋಡ್ದೆ."

ದೊಡ್ಡವ್ವನ ಪರವಾಗಿ ಮನಸ್ಸು ಉಬ್ಬಿತ್ತು, ಆದರೂ ಹಳೆಯ ಹುಳು ಹೋಗಿರಲಿಲ್ಲ. ಲೋಟದ ವಿಷಯ ಕೇಳಿದೆ.

"ಅದಾ? ಕಡೀತನಕ ಬ್ಯಾರೆನ ಇತ್ತು," ಎಂದರು, ಹವಾಮಾನ ಹೇಳುವಂತೆ. "ಕೆಟ್ಟ ಅನಸ್ತಿತ್ತು. ಅನಸಲಾರದ ಏನು? ಆದ್ರ ನಮ್ಮತ್ತಿ ಐದು ಹೊತ್ತು ನಮಾಜು ಬಿಡದಾಕಿ. ನನ್ನ ಬಾಣಂತನದಾಗ ಹಾಲು ಕುಡಿಯಾಕ ಕೊಡ್ಲಿಲ್ಲ, ಹೆಣ್ಣು ಹಡದಾಳ ಅಂತ. ಅದಕ್ಕ ನಾ ನಮಾಜು ಬಿಡ್ಲೇನು? ಅತ್ತಿ ಮ್ಯಾಲಿನ ಸಿಟ್ಟು ಅತ್ತಿ ಮ್ಯಾಲ. ನಾ ಅಲ್ಲಾಗ ಹೇಳೂದು ಬ್ಯಾರೆ ಇರತೈತಿ."

ನನ್ನ ಹತ್ತಿರ ಇದಕ್ಕೆ ಎರಡು ಮೂರು ಒಳ್ಳೆಯ ವಾದಗಳಿದ್ದವು. ಅತ್ತೆ ಅದನ್ನು ಮಾಡಿದ್ದು ಧರ್ಮ ತಡೆಯಲಿಲ್ಲವಲ್ಲ, ಹಾಗಾದರೆ ಅದರ ಉಪಯೋಗವೇನು ಎಂದು ಕೇಳಬಹುದಿತ್ತು. ಈಗಲೂ ಆ ಪ್ರಶ್ನೆ ಸುಳ್ಳು ಎಂದು ನನಗನ್ನಿಸಿಲ್ಲ. ಆದರೆ ಅದನ್ನು ಅವರಿಗೆ ಕೇಳುವ ಯೋಗ್ಯತೆ ಆ ಮರದ ಕೆಳಗೆ ನನಗಿರಲಿಲ್ಲ. ಅವರು ಎದ್ದು, ಮನೆಗೆ ಒಯ್ಯಲು ಎಂದು ಒಂದು ಪೊಟ್ಟಣದಲ್ಲಿ ಒಳ್ಳೆಯ ಕಾಯಿ ಆರಿಸಿ ಕಟ್ಟಿಕೊಟ್ಟರು. "ಅವ್ವಾರಿಗೆ ಕೊಡ್ರಿ. ಬ್ಯಾಡಗಿ ಕಾಯಿ, ಖಾರ ಕಡಿಮಿ, ಬಣ್ಣ ಜಾಸ್ತಿ. ನಿಮ್ಮಂಗ," ಎಂದು ಮತ್ತೆ ನಕ್ಕರು.

ಒಬ್ಬರ ಸಾಕ್ಷಿಯಿಂದ ಏನೂ ಸಿದ್ಧವಾಗುವುದಿಲ್ಲ ಎಂಬ ಓದಿನ ಚಟ ಬಿಡಲಿಲ್ಲ. ಅಲ್ಲಿಂದ ನೇರ ರಾಣೆಬೆನ್ನೂರಿಗೆ, ಅಲ್ಲಿಂದ ದೊಡ್ಡವ್ವನ ಮನೆಗೆ ಹೋದೆ. ಅಕ್ಕ ಹೇಳಿದ್ದನ್ನು ಹೇಳದೆ, ಕಾಯಿಯ ಪೊಟ್ಟಣವನ್ನೂ ಚೀಲದಿಂದ ತೆಗೆಯದೆ ಕೇಳಿದೆ. ದೊಡ್ಡವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ನೀನಾ? ನೀ ಭಾಷಣ ಹೊಡದಿ."

"ಆಮ್ಯಾಲ?"

"ಆಮ್ಯಾಲ ನಾ ಹೇಳ್ದೆ. ಇನ್ನೇನು ಮಾಡ್ಲಿ, ಆ ಹುಡಿಗಿ ನನ್ನ ಮಾರಿ ನೋಡಾಕತ್ತಿತ್ತು." ಎಣ್ಣೆಯ ಕೈಯನ್ನು ಎತ್ತಿ, ಮುಟ್ಟಲೋ ಬೇಡವೋ ಎಂದು ನೋಡಿ, ಕೊನೆಗೆ ನನ್ನ ತಲೆಯ ಮೇಲೆ ಇಟ್ಟೇಬಿಟ್ಟಳು. "ಸಂಜೀಕ ಆಕಿ ಹಿಂದ ಬಸ್ಸಿನ ಕಡೆ ಓಡಿದಿಪಾ ನೀ. ಬದುವಿನ ಮ್ಯಾಲ ನಿಂತು ನೋಡ್ದೆ. ಏನಂದಿ ಗೊತ್ತಿಲ್ಲ. ಆದ್ರ ಭಾಳ ಲಗೂ ಓಡಿದಿ."

ಬಸ್ ಸ್ಟಾಪಿನಲ್ಲಿ ನಾನು ಆಡಿದ ಮಾತಿಗೆ ಸಾಕ್ಷಿ ಒಬ್ಬರೇ. ಅದನ್ನು ಇದ್ದಹಾಗೇ ಬಿಟ್ಟಿದ್ದೇನೆ. ಇಬ್ಬರನ್ನೂ ಬೇರೆ ಬೇರೆ ಕೇಳಿ ಖಚಿತವಾದದ್ದು ಒಂದೇ: ಆ ಬೆಳಗ್ಗೆ ತಪ್ಪು ನಮ್ಮ ಮನೆಯದೆಂದು ಮೊದಲು ಹೇಳಿದವಳು ದೊಡ್ಡವ್ವ.